ಇಡ್ಲಿ ತಿನ್ನದ ಮೀನು

ಅರಬ್ಬೀ ಸಮುದ್ರದ ಮೀನುಗಳಿಗೆ ಬಿಸಿ ಬಿಸಿ ಇಡ್ಲಿ ಬಡಿಸಿದ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ! ನಂಬಿಕೆ ಬರುವುದಿಲ್ಲವೇ? ಬೇಕಾದರೆ ‘ಬಿಸಿ ಬಿಸಿ’ ಎಂಬುದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಥಾಣೆಯಲ್ಲಿ ಹಬೆಯಿಂದ ಇಳಿದ ಇಡ್ಲಿ ಉರಣ್‌ನ ಮರಳು ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಆ ಬಗ್ಗೆ ಭಾವನಿಗೆ ಮೀನುಗಳ ಮುಂದೆ ಎಷ್ಟು ಸಂಕೋಚವಿತ್ತೆಂದರೆ, “ಇವತ್ತು ಬೆಳಿಗ್ಗೆ ಮಾಡಿದ್ದೇ ಮಾರಾಯ, ನಿನ್ನೆದಲ್ಲ” ಎಂದು ಅವರು ಅಲೆಗಳಿಗೆ ಸಮಜಾಯಿಷಿ ಕೊಟ್ಟದ್ದನ್ನು ನನ್ನ ಎರಡೂ ಕಿವಿಯಾರೆ ಕೇಳಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಥಾಣೆಯ ವರ್ತಕ ನಗರದಲ್ಲಿ ಅವರದು ಶುದ್ಧ ಸಸ್ಯಾಹಾರಿ ಹೋಟೆಲ್. ಎಷ್ಟು ಶುದ್ಧವೆಂದರೆ, ಮೊಟ್ಟೆಯಿಲ್ಲದ ಕೇಕನ್ನು ಕೂಡ ಭಾವ ಎರಡು ಸಲ ಮೂಸಿ ನೋಡಿ, ಮೂರನೆಯ ಸಲ ನನಗೆ ಮೂಸಲು ಕೊಡುತ್ತಿದ್ದರು. ಗಿರಾಕಿಗಳಲ್ಲಿ ಅರ್ಧ ಜನ ಬೆಳ್ಳುಳ್ಳಿಯ ವಾಸನೆ ಬಂದರೆ ತಟ್ಟೆ ತಳ್ಳಿ ಎದ್ದುಹೋಗುವವರು. ಇಂಥ ಹೋಟೆಲಿನ ಮಾಲೀಕರು ಭಾನುವಾರ ಗಾಳ ಹಿಡಿದು ಸಮುದ್ರಕ್ಕೆ ಹೋಗುತ್ತಾರೆಂದು ಗೊತ್ತಾದರೆ ಸೋಮವಾರ ಗಲ್ಲಾದ ಮೇಲೆ ನೊಣ ಹೊಡೆಯುತ್ತ ಕೂರಬೇಕಾಗುತ್ತಿತ್ತು.

ಇದೆಲ್ಲ ಶುರುವಾದದ್ದು ಒಬ್ಬ ಮರೆಗುಳಿ ಗಿರಾಕಿಯಿಂದ. ಹೋಟೆಲಿನಲ್ಲಿ ಜನ ಕೊಡೆ ಮರೆಯುತ್ತಾರೆ, ಟಿಫಿನ್ ಡಬ್ಬಿ ಮರೆಯುತ್ತಾರೆ. ಒಬ್ಬ ಮಹಾಶಯ ಹೆಂಡತಿಯನ್ನೇ ಮರೆತು ರಿಕ್ಷಾ ಹತ್ತಿ ಹೋಗಿದ್ದನಂತೆ! ಈ ಗಿರಾಕಿ ಬಿಟ್ಟುಹೋದದ್ದು ಆಳೆತ್ತರದ ಒಂದು ಕ್ಯಾನ್ವಾಸ್ ಚೀಲ. ಬಿಚ್ಚಿದರೆ ಎರಡು ತುಂಡಿನ ಫಾರಿನ್ ಕೋಲು, ಒಂದು ರಾಟೆ, ನೈಲಾನ್ ದಾರ. ಭಾವ ಮೊದಲು ಅದನ್ನು ಪರದೆ ಕಟ್ಟುವ ಕೋಲು ಅಂದುಕೊಂಡರು, ಮೀನಿನ ಗಾಳದ ಕೋಲೆಂದು ಆಮೇಲೆ ತಿಳಿಯಿತು. ಮಳೆಗಾಲ ಕಳೆದು ದೀಪಾವಳಿ ಬಂದರೂ ಗಿರಾಕಿಯ ಸುಳಿವಿಲ್ಲ. “ಪಾಪ, ಯಾರದ್ದೋ ವಸ್ತು, ತುಕ್ಕು ಹಿಡೀಬಾರದಲ್ಲ. ಒಮ್ಮೆ ಓಡಿಸಿ ನೋಡುವ” ಎಂದರು. ಆ ‘ಒಮ್ಮೆ’ ಏಳೆಂಟು ವರ್ಷ ನಡೆಯಿತು!

ನನ್ನನ್ನು ಯಾಕೆ ಎಳೆದುಕೊಂಡು ಹೋಗುತ್ತಿದ್ದರು ಎಂದು ಕೇಳುತ್ತೀರಾ? ನಾನು ಡೊಂಬಿವಲಿಯಲ್ಲಿದ್ದು ಬೇಲಾಪುರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವನು. ವಾರವಿಡೀ ಥಾಣೆಯಲ್ಲಿ ಇಳಿದು, ಹತ್ತಿ, ಜೋತಾಡಿ ಹೋಗುವ ದಾರಿಯಲ್ಲೇ ಭಾನುವಾರವೂ ಹೋಗಬೇಕೆಂದರೆ ಯಾರಿಗೆ ಸಂತೋಷ? “ನಿನಗೆ ಹೇಗೂ ಪಾಸ್ ಉಂಟಲ್ಲ” ಎನ್ನುತ್ತಿದ್ದರು ಭಾವ. ಅದೊಂದೇ ನನ್ನ ಅರ್ಹತೆ. ಉರಣ್‌ಗೆ ಆಗಿನ್ನೂ ರೈಲಿರಲಿಲ್ಲ. ಬೇಲಾಪುರದವರೆಗೆ ರೈಲು, ಅಲ್ಲಿಂದ ಮೈಮೂಳೆ ಸಡಿಲಿಸುವ ಬಸ್ಸು.

ಅಕ್ಕನಿಗೆ ಅವರು ಹೇಳುತ್ತಿದ್ದ ಸುಳ್ಳು, “ತುರ್ಭೆ ಮಾರ್ಕೆಟಿಗೆ ಈರುಳ್ಳಿ ನೋಡ್ಲಿಕ್ಕೆ ಹೋಗ್ತೇನೆ” ಎಂದು. ಭಾನುವಾರ ಆ ಮಾರ್ಕೆಟ್ ಮುಚ್ಚಿರುತ್ತದೆ ಎಂಬುದು ಥಾಣೆಯ ಮಕ್ಕಳಿಗೂ ಗೊತ್ತು. ಅಕ್ಕ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, “ಇವತ್ತು ಯಾವ ಈರುಳ್ಳಿ ಮಾರಾಯ, ಈಜುವಂಥದ್ದಾ?” ಎಂದು ಕೇಳಿದಳು. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. “ಹೋಗಿ, ಹೋಗಿ. ಆದ್ರೆ ಆ ಈರುಳ್ಳಿ ನನ್ನ ಹೊಸ್ತಿಲು ದಾಟಬಾರದು. ಬಂದ ಕೂಡ್ಲೇ ಇಬ್ಬರೂ ತಲೆಗೆ ಸ್ನಾನ ಮಾಡ್ಬೇಕು” ಎಂದಳು. ಹೀಗೆ ಮೀನಿನ ದೆಸೆಯಿಂದ ಭಾನುವಾರ ನನಗೆ ಎರಡೆರಡು ಸ್ನಾನ!

ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಭಾವ ಕೋಲಿಗೆ ಗಣಪತಿ ಹಬ್ಬದ ಕೇಸರಿ ಬಟ್ಟೆ ಸುತ್ತುತ್ತಿದ್ದರು. ಆಷಾಢದ ಒಂದು ಭಾನುವಾರ ರೈಲಿನಲ್ಲಿ ಒಬ್ಬ ಮುದುಕರು ಎದ್ದು ನಿಂತು ಭಾವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ಬಾಳೆಹಣ್ಣು ಕೊಟ್ಟರು. ಕೊನೆಗೆ ಒಬ್ಬ ಹೆಂಗಸು ಕಾಲಿಗೇ ಬಿದ್ದಳು! ಪಂಢರಪುರಕ್ಕೆ ಪತಾಕೆ ಹೊತ್ತು ನಡೆಯುವ ವಾರಕರಿ ಎಂದುಕೊಂಡಿದ್ದರು ಪಾಪ. ಭಾವ ಎಲ್ಲರನ್ನೂ ಗಂಭೀರವಾಗಿ ಆಶೀರ್ವದಿಸಿದರು. ಇಳಿದ ಮೇಲೆ ನಾನು ತರಾಟೆಗೆ ತೆಗೆದುಕೊಂಡರೆ, “ನಾನೆಂತ ಸುಳ್ಳು ಹೇಳಿದ್ದೇನಾ? ಬಾಳೆಹಣ್ಣು ಅರ್ಧ ನೀನೂ ತಿಂದೆಯಲ್ಲ!” ಎಂದರು.

ಇನ್ನು ಅವರ ಗಾಳದ ವೈಭವ. ಮೊಣಕಾಲುದ್ದ ನೀರಿನಲ್ಲಿ ನಿಂತು ಅಲೆಗಳಾಚೆಗೆ ಬೀಸಿ ಎಸೆಯಬೇಕು. ಭಾವ ಮೊದಲ ಸಲ ಬೀಸಿದಾಗ ಗಾಳ ನನ್ನ ಶರ್ಟಿನ ಕಾಲರಿಗೆ ಸಿಕ್ಕಿತು. ಎರಡನೆಯ ಸಲ ಅವರದೇ ಟೊಪ್ಪಿ ಸಮುದ್ರಕ್ಕೆ ಹೋಯಿತು. ಮೂರನೆಯ ಸಲ ಎಲ್ಲ ಸರಿಯಾಯಿತು, ಆದರೆ ಇಡ್ಲಿ ಒಂದು ದಿಕ್ಕಿಗೆ, ಗಾಳ ಇನ್ನೊಂದು ದಿಕ್ಕಿಗೆ! ಮುಂದೆ ಸಂಶೋಧನೆ ಶುರುವಾಯಿತು. ಇಡ್ಲಿಗೆ ಮೈದಾ ಬೆರೆಸಿ ನಾದಿ ಗೋಲಿ ಕಟ್ಟಿದರು. ಪರಿಮಳಕ್ಕೆ ಚಿಟಿಕೆ ಇಂಗು. ಏಕಾದಶಿಯ ದಿನ ಸಾಬೂದಾಣಿ, ಮೀನಿಗೂ ಉಪವಾಸ ತಪ್ಪಬಾರದಲ್ಲ!

“ಎಲ್ಲರ ಹಾಗೆ ಸಿಗಡಿಯನ್ನೋ ಹುಳವನ್ನೋ ಸಿಕ್ಕಿಸಬಾರದೇ?” ಎಂದು ಒಮ್ಮೆ ಕೇಳಿದೆ.

“ಛೆ ಛೆ! ಒಂದು ಜೀವ ಹಿಡೀಲಿಕ್ಕೆ ಇನ್ನೊಂದು ಜೀವ ಚುಚ್ಚುವುದಾ? ಪಾಪ ಅಲ್ವಾ?”

“ಮೀನು ಹಿಡಿಯುವುದು ಪಾಪ ಅಲ್ಲವೋ?”

“ತಿನ್ನುವುದು ಪಾಪ ಮಾರಾಯ. ನಾವೆಂತ ತಿನ್ತೇವಾ? ಅದು ಬರ್ತದೆ, ಇಡ್ಲಿ ತಿನ್ತದೆ, ಹೋಗ್ತದೆ. ಹೋಟೆಲಿಗೆ ಬಂದು ಹೋದ ಹಾಗೆ.”

ಈ ತತ್ತ್ವಜ್ಞಾನಕ್ಕೆ ಮೊದಲ ಪರೀಕ್ಷೆ ಬಂದದ್ದು ಒಂದು ಮೀನು ನಿಜವಾಗಿಯೂ ಸಿಕ್ಕ ದಿನ! ಗೇಣುದ್ದದ ಮೀನು. ಅದರ ಹೆಸರೇನೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮರಳಿನ ಮೇಲೆ ಅದು ಚಟಪಟ ಹಾರುತ್ತಿತ್ತು, ಅದಕ್ಕಿಂತ ಎತ್ತರಕ್ಕೆ ನಾವು ಹಾರುತ್ತಿದ್ದೆವು. ಹುಟ್ಟಿದ ಮೇಲೆ ಮೀನು ಮುಟ್ಟಿದ ಕೈಗಳೇ ಅಲ್ಲವಲ್ಲ! “ಬಿಡಿಸು, ಬಿಡಿಸು, ಸಾಯ್ತದೆ!” ಎಂದು ಅವರು, “ನೀವೇ ಬಿಡಿಸಿ!” ಎಂದು ನಾನು. ಕೊನೆಗೆ ಭಾವ ಚೀಲದಿಂದ ದೋಸೆ ಮಗುಚುವ ಸಟ್ಟುಗ ತೆಗೆದರು. ಮೀನನ್ನು ಮಗುಚಿದರು. ಅದು ತಿರುಗಿ ಮಗುಚಿಕೊಂಡಿತು. ಇನ್ನೊಂದು ಸಲ ಮಗುಚಿದರು.

ಹಿಂದಿನಿಂದ ಯಾರೋ ಹೊಟ್ಟೆ ಹಿಡಿದುಕೊಂಡು ನಗುವುದು ಕೇಳಿಸಿತು. “ಕಾಯ್ ಅಣ್ಣಾ, ತುಮ್ಹಿ ಮಾಸಾ ಪಕಡಲಾ, ಕೀ ಮಾಶಾನೇ ತುಮ್ಹಾಲಾ?” ಮೀನನ್ನು ನೀವು ಹಿಡಿದಿರೋ, ಮೀನೇ ನಿಮ್ಮನ್ನು ಹಿಡಿಯಿತೋ ಎಂದು ವಿಚಾರಣೆ! ಕೇಳಿದವನು ರೂಪೇಶ. ತೀರದ ಹಿಂದಿನ ಹಳ್ಳಿಯ, ಮೀನಿಲ್ಲದೆ ಊಟ ಇಳಿಯದ ಆಗ್ರಿ ಸಮುದಾಯದ ಹುಡುಗ, ಬಂದರಿನಲ್ಲಿ ಕ್ರೇನ್ ನಡೆಸುವವನು. ಎರಡೇ ಬೆರಳಿನಲ್ಲಿ ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟ. ಆಮೇಲೆ ಗಾಳಕ್ಕೆಂದು ತಂದಿದ್ದ ಇಡ್ಲಿಗಳನ್ನೆಲ್ಲ ತಾನೇ ತಿಂದು ಮುಗಿಸಿದ. ಭಾವನಿಗೆ ಆನಂದವೋ ಆನಂದ! ಆ ಸಮುದ್ರದಲ್ಲಿ ಇಡ್ಲಿಗೆ ಸಿಕ್ಕಿದ ಮೊದಲ ಗಿರಾಕಿ.

ಅಂದಿನಿಂದ ಭಾನುವಾರ ಬಿಡುವಿದ್ದಾಗಲೆಲ್ಲ ರೂಪೇಶ ತೀರಕ್ಕೆ ಬರತೊಡಗಿದ. ಜಿತಾಡಾ ಎಂಬ ಮೀನಿನ ಕಥೆ ಹೇಳಿದವನೂ ಅವನೇ. ಇಂಗ್ಲಿಷಿನವರು ಪರ್ಚ್ ಎನ್ನುತ್ತಾರಲ್ಲ, ಆ ಬಳಗದ ರಾಜ. ಅವರ ಕಡೆ ಯಾರಿಗೆ ದೊಡ್ಡ ಮರ್ಯಾದೆ ಮಾಡಬೇಕೋ ಅವರ ಮನೆಗೆ ಜಿತಾಡಾ ಕೊಟ್ಟುಬರುತ್ತಾರಂತೆ. ಆದರೆ ಅದಕ್ಕೆ ಜೀವಂತ ಸಿಗಡಿಯೇ ಬೇಕು. ಇಡ್ಲಿಯನ್ನು ತಿರುಗಿಯೂ ನೋಡದು. “ಅಷ್ಟು ಅಹಂಕಾರ ಇದ್ರೆ ಅದು ಅಲ್ಲೇ ಇರ್ಲಿ” ಎಂದರು ಭಾವ. ಆದರೂ ಗಾಳ ಎಸೆಯುವಾಗೆಲ್ಲ ಅವರ ಕಣ್ಣು ಅದನ್ನೇ ಹುಡುಕುತ್ತಿತ್ತು.

ಅಷ್ಟರಲ್ಲಿ ಅವರ ಮಗಳು ಪಲ್ಲವಿಗೆ ಅಪ್ಪನ ಹವ್ಯಾಸದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು. ವಾಶಿಯಲ್ಲಿ ನೌಕರಿ ಮಾಡುವ ಹುಡುಗಿ. ನಾವು ಕನ್ನಡದಲ್ಲಿ ಏನು ಕೇಳಿದರೂ ಮರಾಠಿಯಲ್ಲಿ ಉತ್ತರಿಸುವವಳು. “ಬಾಬಾಂಚೆ ಫೋಟೋ ಕಾಢತೇ” ಎಂದು, ಅಪ್ಪನ ಫೋಟೋ ತೆಗೆಯುವ ನೆಪದಲ್ಲಿ, ಹೊಸ ಮೊಬೈಲ್ ಹಿಡಿದು ಹೊರಟಳು. ಆ ಫೋಟೋಗಳನ್ನು ನಾನು ನೋಡಿದ್ದೇನೆ. ಎಲ್ಲದರಲ್ಲೂ ಭಾವ ಅರ್ಧವೇ ಇದ್ದರು. ಒಂದರಲ್ಲಂತೂ ಬರೀ ಮೊಣಕೈ! ಗಾಳ ಬಿಡಿಸುತ್ತಿದ್ದವನು ಮಾತ್ರ ತಲೆಯಿಂದ ಕಾಲಿನವರೆಗೆ ಪೂರ್ತಿ. ನನಗೆ ತಿಳಿಯಿತು, ಅಕ್ಕನಿಗೆ ತಿಳಿಯಿತು, ಬಸ್ ಕಂಡಕ್ಟರನಿಗೂ ತಿಳಿದಿರಬೇಕು. ಭಾವ ಮಾತ್ರ, “ಅವಳಿಗೆ ಫೋಟೋ ತೆಗೀಲಿಕ್ಕೆ ಬರುವುದಿಲ್ಲ” ಎಂದುಕೊಂಡಿದ್ದರು.

ಒಂದು ರಾತ್ರಿ ಊಟದ ಹೊತ್ತಿಗೆ ಪಲ್ಲವಿ, “ಅಪ್ಪಾ, ನಾನು ರೂಪೇಶನನ್ನು ಮದುವೆ ಆಗಬೇಕು ಅಂತಿದ್ದೇನೆ. ನೀವು ಹೂಂ ಅಂದ್ರೆ ಮಾತ್ರ” ಎಂದಳು. ಅಚ್ಚ ಕನ್ನಡದಲ್ಲಿ! ಅದರಲ್ಲೇ ವಿಷಯ ಎಷ್ಟು ಗಟ್ಟಿ ಎಂಬುದು ನಮಗೆ ಗೊತ್ತಾಯಿತು. ಭಾವ ಕೈ ತೊಳೆದು ಎದ್ದರು. ಅಕ್ಕ ಒಂದಷ್ಟು ಹೊತ್ತು ಅತ್ತು, ಆಮೇಲೆ ಗಂಡನ ಮೇಲೆ ತಿರುಗಿದಳು. “ಸಮುದ್ರಕ್ಕೆ ಕರ್ಕೊಂಡು ಹೋದದ್ದು ಯಾರು? ನಾನಾ? ಈಗ ಬಾಯಿಗೆ ಬೀಗ ಹಾಕ್ಕೊಂಡ್ರೆ ಆಯ್ತಾ? ಹುಡುಗ ಒಳ್ಳೆಯವನು ಅಂತ ವಾರ ವಾರ ಹೊಗಳಿದ್ದೂ ನೀವೇ!”

ಭಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೋಲು ಅಟ್ಟ ಹತ್ತಿತು. ನನಗೆ ಭಾನುವಾರದ ನಿದ್ದೆ ತಿರುಗಿ ಸಿಕ್ಕಿತು, ಆದರೆ ನಿದ್ದೆಯೇ ಬರಲಿಲ್ಲ. ಪಲ್ಲವಿ ಸೊರಗಿದಳು. ಗಲ್ಲಾದ ಮೇಲೆ ಕೂತು ಭಾವ ಚಹಾದವರಿಗೆ ದೋಸೆಯ ಬಿಲ್ಲು, ದೋಸೆಯವರಿಗೆ ಚಹಾದ ಬಿಲ್ಲು ಕೊಡುತ್ತಿದ್ದರು. ರೂಪೇಶನ ಮನೆಯವರು ಒಮ್ಮೆ ಬಂದುಹೋಗಿ ಎಂದು ಹೇಳಿಕಳಿಸಿದರೂ ಇವರಿಂದ ಉತ್ತರವಿಲ್ಲ. ಗಲಗಲ ಮಾತಾಡುವ ಮನುಷ್ಯ ಮಾತು ನಿಲ್ಲಿಸಿದರೆ ಮನೆಯಲ್ಲಿ ಉಸಿರಾಡುವುದೇ ಕಷ್ಟ.

ಮೇ ತಿಂಗಳ ಒಂದು ಶನಿವಾರ ಫೋನು ಬಂತು. “ನಾಳೆ ಬಾ. ಪಾಸ್ ಮರೀಬೇಡ.”

ಥಾಣೆ ಸ್ಟೇಷನ್ನಿನಲ್ಲಿ ಭಾವ ಕೋಲು ಹಿಡಿದು ನಿಂತಿದ್ದರು. ಕೈಯಲ್ಲಿ ಹೋಟೆಲಿನ ಸಾಂಬಾರಿನ ಕ್ಯಾನು, ಆ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರು! ತುರ್ಭೆ ದಾಟುವಾಗ ಕ್ಯಾನಿನೊಳಗೆ ಟಪ್ ಟಪ್ ಸದ್ದು. ಪಕ್ಕದ ಹುಡುಗ ಬಗ್ಗಿ ನೋಡಿ, “ಅಂಕಲ್, ಸಾಂಬಾರ್ ಅಭೀ ತಕ್ ಉಬಲ್ ರಹಾ ಹೈ ಕ್ಯಾ?” ಎಂದ. ಅದು ಸಾಂಬಾರ್ ಕುದಿಯುವ ಸದ್ದಲ್ಲ. ಜೀವಂತ ಸಿಗಡಿ! ಯಾರೂ ಗುರುತು ಹಿಡಿಯದಿರಲೆಂದು ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ನಸುಕಿನಲ್ಲೇ ಥಾಣೆಯ ಖಾಡಿಯ ಹಿನ್ನೀರಿಗೆ ಹೋಗಿ ತಂದಿದ್ದರು.

“ಭಾವ, ಇದೆಂಥದ್ದು?”

“ಅವರ ಮನೆಗೆ ಬರ್ತೇವೆ ಅಂತ ಹೇಳಿದ್ದೇನೆ. ಬರಿಗೈಯಲ್ಲಿ ಹೋಗ್ಲಿಕ್ಕಾಗ್ತದಾ?”

“ಲಾಡು ತಗೊಂಡು ಹೋಗಬಹುದಿತ್ತಲ್ಲ!”

“ಲಾಡು ಯಾರು ಬೇಕಾದ್ರೂ ಕೊಡ್ತಾರೆ” ಎಂದು ಕಿಟಕಿಯ ಕಡೆ ತಿರುಗಿದರು.

ತೀರದಲ್ಲಿ ಅವರು ಸಿಗಡಿಯೊಂದನ್ನು ಕೈಗೆತ್ತಿಕೊಂಡರು. ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಕ್ಷಮೆ ಕೇಳಿ, ಗಾಳಕ್ಕೆ ಸಿಕ್ಕಿಸಿದರು. ಆಮೇಲೆ ಅಲೆಯಲ್ಲಿ ಎರಡೆರಡು ಸಲ ಕೈ ತೊಳೆದರು. ನಾನು ತಮಾಷೆ ಮಾಡಲಿಲ್ಲ. ಮಾಡುವ ಮನಸ್ಸೇ ಆಗಲಿಲ್ಲ. ಬಿಸಿಲೇರಿತು, ಅಲೆ ಏರಿತು, ಸಿಗಡಿ ಒಂದೊಂದಾಗಿ ಖಾಲಿಯಾಯಿತು. “ಇನ್ನು ಸಾಕು ಭಾವ” ಎನ್ನಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಕೋಲು ಬಿಲ್ಲಾಯಿತು! ಭಾವ ಸೊಂಟದವರೆಗೆ ನೀರಿಗೆ ನಡೆದರು. ನಾನು ಹಿಂದಿನಿಂದ ಅವರ ಬೆಲ್ಟು ಹಿಡಿದುಕೊಂಡೆ. ಮೀನು ನಮ್ಮಿಬ್ಬರನ್ನೂ ಎಳೆಯಿತು, ಭಾವ ಮೀನನ್ನೂ ನನ್ನನ್ನೂ ಸೇರಿಸಿ ಎಳೆದರು. ಕೊನೆಗೆ ಮೂವರೂ ಒಟ್ಟಿಗೆ ಮರಳಿನ ಮೇಲೆ ಬಿದ್ದೆವು.

ಮೊಳದುದ್ದದ ಬೆಳ್ಳಿ ಬಣ್ಣದ ಜಿತಾಡಾ! ಭಾವ ಸಟ್ಟುಗ ತೆಗೆಯಲಿಲ್ಲ. ಯಾರನ್ನೂ ಕೂಗಲಿಲ್ಲ. ತಮ್ಮ ಕೈಯಾರೆ ಗಾಳ ಬಿಡಿಸಿದರು. ಕಿವಿರಿನ ಅಂಚು ತಾಗಿ ಬೆರಳು ಕುಯ್ದು ರಕ್ತ ಬಂತು. ನಾನು ರೂಢಿಯಂತೆ, “ಬಿಡಿ ಭಾವ, ನೀರಿಗೆ ಬಿಡಿ” ಎಂದೆ.

“ಇವತ್ತು ಬಿಡ್ಲಿಕ್ಕಿಲ್ಲ.”

ಹೋಟೆಲಿನಿಂದ ತಂದ ಬಾಳೆಲೆಯ ಮೇಲೆ ಅದನ್ನು ಮಲಗಿಸಿಕೊಂಡು, ತೊಯ್ದ ಬಟ್ಟೆಯಲ್ಲೇ ರೂಪೇಶನ ಮನೆಗೆ ಹೋದೆವು. ಅಲ್ಲಿ ನೋಡಿದರೆ ಬೇರೆಯೇ ಲೋಕ! ಸಸ್ಯಾಹಾರಿ ಬೀಗರು ಬರುತ್ತಾರೆಂದು ರೂಪೇಶನ ತಾಯಿ ಹಿಂದಿನ ದಿನವೇ ಮನೆಯನ್ನೆಲ್ಲ ತೊಳೆದಿದ್ದರು. ಪಾತ್ರೆಗಳೆಲ್ಲ ಹೊಸವು, ಒಂದರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬೇಳೆ, ಅನ್ನ, ಬದನೆಕಾಯಿ ಪಲ್ಯ. ಭಾನುವಾರ, ಆಗ್ರಿಯವರ ಮನೆ, ಮೀನಿನ ಸುಳಿವೇ ಇಲ್ಲ! ರೂಪೇಶನ ತಂದೆ ಮೂಲೆಯಲ್ಲಿ ಕೂತು ಆ ಬದನೆಕಾಯಿಯನ್ನು ವೈರಿಯನ್ನು ನೋಡುವಂತೆ ನೋಡುತ್ತಿದ್ದರು. ಬಾಗಿಲಲ್ಲಿ ಭಾವ ಮೀನು ಹಿಡಿದು ನಿಂತಿದ್ದನ್ನು ಕಂಡು ಅವರ ಮುಖ ಅರಳಿದ್ದನ್ನು ಏನೆಂದು ಹೇಳಲಿ! ರೂಪೇಶ ನಕ್ಕ, ತಂದೆ ನಕ್ಕರು, ನಾನೂ ನಕ್ಕೆ.

ಭಾವ ನಗಲಿಲ್ಲ. ತಾಂಬೂಲ ಕೊಡುವವರಂತೆ ಎರಡೂ ಕೈಯಲ್ಲಿ ಎಲೆಯನ್ನು ಆ ತಾಯಿಯ ಮುಂದೆ ಚಾಚಿದರು. ಹೋಟೆಲಿನ ವ್ಯವಹಾರಕ್ಕೆ ಬೇಕಾದಷ್ಟೇ ಮರಾಠಿ ಬಲ್ಲ ಮನುಷ್ಯ, ಒಂದೊಂದೇ ಮಾತು ಹುಡುಕಿ ಹೇಳಿದರು:

“ನನ್ನ ಮಗಳು ಈ ಮನೆಯಲ್ಲಿ ಒಬ್ಬಳೇ ಬೇರೆ ಕೂತು ಉಣ್ಣುವುದು ಬೇಡ. ಎಲ್ಲರ ಜೊತೆಗೇ ಕೂರಲಿ. ಆದರೆ ಅವಳಿಗೆ ಮೀನಿನ ಮುಳ್ಳು ಬಿಡಿಸಲು ಬರುವುದಿಲ್ಲ. ಅದನ್ನು ಕಲಿಸಲು ನನಗೂ ಗೊತ್ತಿಲ್ಲ. ಗಂಟಲಿಗೆ ಸಿಕ್ಕೀತು. ಮೊದಮೊದಲು ನೀವೇ ಬಿಡಿಸಿ ಕೊಡಬೇಕು.”

ಆ ತಾಯಿ ಎಲೆಯನ್ನು ತೆಗೆದುಕೊಳ್ಳಲಿಲ್ಲ. ಎಲೆ ಹಿಡಿದಿದ್ದ ಆ ಎರಡು ಕೈಗಳನ್ನೇ ಮೀನಿನ ಸಮೇತ ಹಿಡಿದುಕೊಂಡರು. “ನಾನಿರುವವರೆಗೂ ನಾನೇ ಬಿಡಿಸಿ ಕೊಡುತ್ತೇನೆ ಅಣ್ಣಾ” ಎಂದರು.

ನನ್ನ ಕಣ್ಣು ತುಂಬಿ ಬಂತು. ಭಾವ ಮಾತ್ರ ಮುಖವನ್ನು ತೋಳಿಗೆ ಒರೆಸಿಕೊಂಡು, ಮಗಳಿಗೆ ಫೋನು ಹಚ್ಚಿ ಕೊಡು ಎಂದು ನನಗೆ ಕಣ್ಸನ್ನೆ ಮಾಡಿದರು. ಅವಳು ಎತ್ತಿದಳು. ಇವರು ಒಂದೇ ಮಾತು ಹೇಳಿದರು.

“ಹೂಂ.”