ಕೂತು ಕಾಫಿ ಕುಡಿಯದ ನಮ್ಮ ಅತ್ತೆ

ನಮ್ಮ ಅತ್ತೆ ಜೀವಮಾನದಲ್ಲಿ ಒಂದೇ ಒಂದು ಲೋಟ ಕಾಫಿಯನ್ನೂ ಕೂತು ಕುಡಿದವರಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ನಂಬಬೇಡಿ! ಜಯನಗರದ ನಮ್ಮ ಬೀದಿಯ ಯಾರನ್ನಾದರೂ ಕೇಳಿ ನೋಡಿ. ಅಡುಗೆಮನೆಯಲ್ಲಿ ಲೋಟ ಕೈಗೆ ತೆಗೆದುಕೊಂಡು "ಅತ್ತಿಗೆ, ಡಿಕಾಕ್ಷನ್ನು ಇವತ್ತು..." ಎಂದು ಶುರುಮಾಡಿದ ವಾಕ್ಯವನ್ನು ಅವರು "ಸ್ಟ್ರಾಂಗಾಗಿದೆ" ಎಂದು ಮುಗಿಸುತ್ತಿದ್ದದ್ದು ಗೇಟಿನ ಆಚೆ. ಮೊದಲ ಗುಟುಕು ಹಜಾರದಲ್ಲಿ, ಮುಂದಿನದು ತುಳಸಿಯ ಕುಂಡದ ಹತ್ತಿರ, ಕೊನೆಯದು ಯಾರ ಮನೆಯ ಮುಂದೋ ಆ ದೇವರಿಗೇ ಗೊತ್ತು. ಖಾಲಿ ಲೋಟವನ್ನು ಅವರ ಕಾಂಪೌಂಡಿನ ಮೇಲಿಟ್ಟು ಮುಂದೆ ಹೋಗಿಬಿಡುತ್ತಿದ್ದರು. ಮರುದಿನ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು "ನಿಮ್ಮನೆ ಲೋಟ" ಎಂದು ಕೊಡುತ್ತಿದ್ದರು. ಮೂಲೆಮನೆ ಆಂಟಿಯಂತೂ ಲೋಟ ತೊಳೆದು, ಒಳಗೆರಡು ಕೊಬ್ಬರಿಮಿಠಾಯಿ ಹಾಕಿ ಕಳಿಸುತ್ತಿದ್ದರು. ಪರರ ಪಾತ್ರೆಯನ್ನು ಖಾಲಿ ವಾಪಸ್ಸು ಕೊಡಬಾರದಲ್ಲ! ಹಾಗಾಗಿ ಅತ್ತೆಯ ಈ ಅಭ್ಯಾಸದ ಬಗ್ಗೆ ನನ್ನ ತಕರಾರು ಏನೂ ಇರಲಿಲ್ಲ.

ಅಪ್ಪನಿಗೆ ಮಾತ್ರ ತಕರಾರಿತ್ತು. ಅತ್ತೆ ಅಪ್ಪನ ಒಬ್ಬಳೇ ತಂಗಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಒಂದೇ ಕುರ್ಚಿಯಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ಆ ಕುರ್ಚಿಗೆ ಅಪ್ಪನ ಆಕಾರವೇ ಬಂದಿತ್ತು ಎಂದು ಅಮ್ಮ ಹೇಳುತ್ತಿದ್ದರು. ಒಂದೇ ತಾಯಿಯ ಹೊಟ್ಟೆಯಲ್ಲಿ ಇಂಥ ಇಬ್ಬರು ಹೇಗೆ ಹುಟ್ಟಿದರು ಎನ್ನುವುದನ್ನು ನಾನು ಈವತ್ತಿಗೂ ಯೋಚಿಸುತ್ತಿರುತ್ತೇನೆ.

ಅತ್ತೆ ಟೀಚರು. ಎಂಥ ಶಾಲೆ ಎಂದು ಕೇಳಿ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು, ರಾಗಿಹೊಲಗಳ ನಡುವೆ ನಡೆದು, ಒಂದು ಕೆರೆಯ ಏರಿ ದಾಟಿದರೆ ಹೆಂಚಿನ ಕೆಲವು ಕಟ್ಟಡಗಳು, ಒಂದು ಹುಣಸೆಮರ, ಹಿಂದುಗಡೆ ಕಲ್ಲುಬಂಡೆಯ ಗುಡ್ಡ. ಅಷ್ಟೇ ಶಾಲೆ. ಮಕ್ಕಳು ಅಲ್ಲೇ ಉಳಿದು ಓದುತ್ತಿದ್ದರು. ಓದುತ್ತಿದ್ದರು ಎಂದರೆ, ಗಣಿತಕ್ಕೆ ಹಗ್ಗ ಹಿಡಿದು ಕೆರೆ ಏರಿ ಅಳೆಯುವುದು, ವಿಜ್ಞಾನಕ್ಕೆ ಹುತ್ತದ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಭೂಗೋಳಕ್ಕೆ ಗುಡ್ಡ ಹತ್ತುವುದು. ಗುರುವಾರ ಬಂತೆಂದರೆ ಅದೂ ಇಲ್ಲ. ಅಂದು ನಡೆಯುವ ದಿನ. ಇಡೀ ಶಾಲೆಯೇ ಬುತ್ತಿ ಕಟ್ಟಿಕೊಂಡು ಹೊರಟುಬಿಡುತ್ತಿತ್ತು. ಮಳೆ ಬಂದರೆ? ನೆನೆಯುತ್ತಿತ್ತು!

"ಶಾಲೆ ಅಂದ್ಮೇಲೆ ಗೋಡೆ ಇರ್ಬೇಕು ಕಣೆ. ಕಡೇಪಕ್ಷ ಒಂದು ಕಪ್ಪುಹಲಗೆ!" ಎಂದು ಅಪ್ಪ ಗೊಣಗುತ್ತಿದ್ದರು.

"ಇದೆ ಅಣ್ಣ. ಬಂಡೆ ಮೇಲೆ ಬರೀತೀವಿ. ಒರೆಸೋ ಕೆಲ್ಸಾನೂ ಇಲ್ಲ, ಮಳೆ ಬಂದು ಒರೆಸ್ಕೊಂಡು ಹೋಗುತ್ತೆ."

ವಾರದ ಕೊನೆಗೆ ಜಯನಗರಕ್ಕೆ ಬಂದರೆ ಅತ್ತೆಗೆ ನಮ್ಮ ಮನೆಯ ಗೋಡೆಗಳು ಉಸಿರು ಕಟ್ಟಿಸುತ್ತಿದ್ದವು. ಊಟ ತಾರಸಿಯಲ್ಲಿ, ನಿದ್ದೆಯೂ ಅಲ್ಲೇ, ಟೀವಿ ನೋಡಿದರೆ ಕಿಟಕಿಯ ಹೊರಗೆ ನಿಂತು! ಒಮ್ಮೆ ನೆಂಟರೊಬ್ಬರು ಬಂದವರು, "ಪಾಪ, ಕಿಟಕಿ ಹತ್ರ ಯಾರೋ ನಿಂತಿದ್ದಾರೆ, ಒಳಗೆ ಕರೀಬಾರ್ದಾ?" ಎಂದು ಅಪ್ಪನನ್ನು ಕೇಳಿಯೂ ಬಿಟ್ಟರು.

ಇಂಥವರಿಗೆ ಮದುವೆ ಮಾಡಲು ಅಪ್ಪ ಓಡಾಡಿದರು ನೋಡಿ, ಅದು ತೊಂಬತ್ತರ ದಶಕದ ಶುರುವಿನ ಮಾತು. ನಾನಾಗ ಪ್ರೈಮರಿ ಸ್ಕೂಲು. ಗಿರಿನಗರದಿಂದ ಬ್ಯಾಂಕಿನ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಹೆಣ್ಣು ನೋಡಲು ಬಂದ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹಿರಿಯರೊಬ್ಬರು, "ಹುಡುಗ ಹುಡುಗಿ ಸ್ವಲ್ಪ ಮಾತಾಡ್ಕೊಳ್ಳಲಿ" ಎಂದರು. ಅದರರ್ಥ ಹಿತ್ತಲಿಗೆ ಹೋಗಿ ಐದು ನಿಮಿಷ ದಾಳಿಂಬೆ ಗಿಡ ನೋಡುತ್ತ ನಿಲ್ಲುವುದು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅತ್ತೆ ಮಾತ್ರ ಚಪ್ಪಲಿ ಮೆಟ್ಟಿ, "ಬನ್ನಿ, ನಡೀತಾ ಮಾತಾಡೋಣ" ಎಂದು ಗೇಟು ತೆಗೆದರು.

ನಾವು ಕಾದೆವು. ಕಾಫಿಯಾಯಿತು, ಇನ್ನೊಂದು ಸುತ್ತು ಕಾಫಿಯಾಯಿತು. ಹುಡುಗನ ತಾಯಿ ಗಡಿಯಾರ ನೋಡಿದರು, ಅಪ್ಪ ಬಾಗಿಲು ನೋಡಿದರು. ಕೊನೆಗೆ ಫೋನು ಹೊಡೆದುಕೊಂಡಿತು. ಹುಡುಗನದೇ ಫೋನು! ಎಲ್ಲಿಂದ? ಗಿರಿನಗರದ ತನ್ನ ಮನೆಯಿಂದ!

"ಅವ್ರು ನನ್ನ ಮನೆ ತನಕ ಬಿಟ್ಟು ಹೋದ್ರು ಸಾರ್" ಎಂದ ಆತ, ಏದುಸಿರು ಬಿಡುತ್ತ. "ದಯವಿಟ್ಟು ನಮ್ಮಪ್ಪ ಅಮ್ಮನ್ನ ಒಂದು ಆಟೋ ಹತ್ತಿಸಿಬಿಡಿ."

ಎರಡು ದಿನದ ಮೇಲೆ ಆ ಕಡೆಯಿಂದ ಸುದ್ದಿ ಬಂತು: ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಹುಡುಗನ ಕಾಲು ಇನ್ನೂ ನೆಟ್ಟಗಾಗಿಲ್ಲ. ಅಪ್ಪ ಆಮೇಲೆ ಗಂಡು ಹುಡುಕುವುದನ್ನೇ ಬಿಟ್ಟರು.

ಇನ್ನು ಅತ್ತೆಯ ವಿಷಲ್ ಕಥೆ. ಅದನ್ನು ಹೇಳದಿದ್ದರೆ ಏನೂ ಹೇಳಿದಂತಾಗುವುದಿಲ್ಲ. ಅವರ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಗುಡ್ಡಕ್ಕೆ ಹೊರಟಾಗ ಪ್ರತಿ ಮಗುವಿಗೂ ಇನ್ನೊಂದು ಮಗು ಜೋಡಿ. ದಾರಿಯಲ್ಲಿ ಆಗಾಗ ಟೀಚರು ವಿಷಲ್ ಊದಿದರೆ, ನಾನಿದ್ದೇನೆ ಎಂದು ಯಾರೂ ಕೂಗುವಂತಿಲ್ಲ. ತನ್ನ ಜೋಡಿಯ ಹೆಸರು ಹಿಡಿದು, ಇದ್ದಾನೆ, ಇದ್ದಾಳೆ ಎಂದು ಕೂಗಬೇಕು. ಇದೇನು ತಿರುಗಾಮುರುಗಾ ಎಂದು ನಾನು ಕೇಳಿದ್ದಕ್ಕೆ ಅತ್ತೆ ನಕ್ಕರು.

"ಕಳೆದುಹೋದವ್ನು 'ನಾನಿಲ್ಲಾ' ಅಂತ ಕೂಗ್ತಾನೇನೆ ಪೆದ್ದಿ? ಅವ್ನಿಲ್ಲ ಅಂತ ಇನ್ನೊಬ್ರಿಗೆ ಗೊತ್ತಾಗ್ಬೇಕು, ಅಷ್ಟೆ."

"ಹಾಗಾದ್ರೆ ನಿಮ್ಮ ಜೋಡಿ ಯಾರತ್ತೆ?"

"ವಿಷಲ್ ಊದೋರಿಗೆ ಜೋಡಿ ಇರಲ್ಲ. ವಿಷಲ್ ಕೇಳಿಸ್ತಾ ಇದ್ರೆ ನಾನಿದೀನಿ ಅಂತ ಅರ್ಥ."

"ಕೇಳಿಸ್ದಿದ್ರೆ?" ಎಂದೆ. ಅಷ್ಟರಲ್ಲಿ ಅವರು ಮುಂದಿನ ತಿರುವಿನಲ್ಲಿದ್ದರು.

ಈ ಪದ್ಧತಿಯನ್ನು ಗುಡ್ಡದಲ್ಲೇ ಬಿಟ್ಟು ಬಂದಿದ್ದರೆ ಚಿಂತೆಯಿರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಅದನ್ನು ಜಯನಗರ ನಾಲ್ಕನೇ ಬ್ಲಾಕಿಗೆ ತಂದರು! ಹಬ್ಬದ ಮುಂಚಿನ ನಾಲ್ಕನೇ ಬ್ಲಾಕು ಹೇಗಿರುತ್ತದೆಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಬಾಳೆಕಂದಿನ ರಾಶಿ, ಸೇವಂತಿಗೆ ಹಾರ, ಕಾಲಿಡಲು ಜಾಗವಿಲ್ಲ. ಅತ್ತೆ ಮೊದಲೇ ಜೋಡಿ ಮಾಡಿದ್ದರು. ನಾನು ಅಮ್ಮನಿಗೆ, ಅಪ್ಪ ಅತ್ತೆಗೆ. ಗುಡ್ಡದಲ್ಲಿಲ್ಲದ ಜೋಡಿ ಇಲ್ಲಿ ಅವರಿಗೂ ಇತ್ತು. ಬಾಳೆಎಲೆಯವರ ಮುಂದೆ ನಿಂತು ಹೆಗಲ ಜೋಳಿಗೆಯಿಂದ ವಿಷಲ್ ತೆಗೆದು ಊದಿಯೇಬಿಟ್ಟರು ನೋಡಿ. ಒಂದು ಆಟೋ ಗಕ್ಕನೆ ನಿಂತಿತು. ಅದರ ಡ್ರೈವರು ಬೆದರಿ ಲೈಸೆನ್ಸು ಹೊರಗೆ ತೆಗೆದ.

"ಅಮ್ಮ ಇದ್ದಾರೆ!" ಎಂದು ನಾನು ಕೂಗಿದೆ. "ಮಗಳು ಇದ್ದಾಳೆ!" ಎಂದು ಅಮ್ಮ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. "ಅಣ್ಣ ಇದ್ದಾನೆ!" ಎಂದು ಅತ್ತೆ. ಅಪ್ಪ? ಬಳೆ ಅಂಗಡಿಯ ಕಡೆ ತಿರುಗಿ ನಿಂತಿದ್ದರು, ಈ ಹೆಂಗಸರು ಯಾರೋ, ತಾನು ಯಾರೋ ಎನ್ನುವಂತೆ.

"ಅಣ್ಣಾ, ಕೂಗು!"

"ಜನ ನೋಡ್ತಾರೆ ಕಣೆ" ಎಂದರು ಅಪ್ಪ ಹಲ್ಲು ಕಚ್ಚಿ.

"ಕೂಗ್ಬಿಡಿ ಸಾರ್, ಪಾಪ ಕೇಳ್ತಾವ್ರೆ" ಎಂದು ಬಾಳೆಎಲೆಯಾಕೆ ಶಿಫಾರಸು ಮಾಡಿದಳು. ಅಪ್ಪ ಕೂಗಲಿಲ್ಲ. ಕೊನೆಗೆ ಆಕೆಯೇ ಬುಟ್ಟಿಯ ಹಿಂದೆ ತೂಕಡಿಸುತ್ತಿದ್ದ ಗಂಡನನ್ನು ತೋರಿಸಿ, "ನಮ್ಮೆಜಮಾನ್ರು ಇದ್ದಾರೆ!" ಎಂದು ಕೂಗಿ ಅತ್ತೆಯ ಮಾನ ಉಳಿಸಿದಳು. ಅಪ್ಪ ಆ ವರ್ಷ ಬಾಳೆಎಲೆಯನ್ನು ಬನಶಂಕರಿಗೆ ಹೋಗಿ ತಂದರು.

ಹೀಗೆ ವರ್ಷಗಳು ಹೋದವು. ನಾನು ಕಾಲೇಜು ಮುಗಿಸಿದೆ, ಅಪ್ಪ ರಿಟೈರಾದರು. ರಿಟೈರಾದ ಸಂಭ್ರಮಕ್ಕೆ ಬಚ್ಚಲುಮನೆಗೆ ಮುಖ ಕಾಣುವಂಥ ಹೊಳೆಯುವ ಟೈಲ್ಸು ಹಾಕಿಸಿದರು. ಬಂದವರಿಗೆಲ್ಲ ಬಚ್ಚಲು ತೋರಿಸಿಯೇ ಕಾಫಿ ಕೊಡುತ್ತಿದ್ದರು. ಅಷ್ಟು ವರ್ಷ ಪಾಚಿ ಕಟ್ಟಿದ ಬಂಡೆಗಳ ಮೇಲೆ ಒಮ್ಮೆಯೂ ಜಾರದ ನಮ್ಮ ಅತ್ತೆ ಆ ಟೈಲ್ಸಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡರು! "ನೋಡಿದ್ಯಾ ಅಣ್ಣ, ಗೋಡೆ ಒಳಗೆ ಎಷ್ಟು ಅಪಾಯ ಅಂತ" ಎಂದು ನೋವಿನಲ್ಲೂ ಹೇಳಿದರು.

ಕಾಲಿಗೆ ಪ್ಲಾಸ್ಟರು ಬಿತ್ತು. ಇನ್ನಾದರೂ ಒಂದು ಕಡೆ ಇರುತ್ತಾರೆಂದುಕೊಂಡೆವು. ಎಲ್ಲಿ ಬಂತು? ಅವರು ನಡೆಯಲಾಗದಿದ್ದರೆ ಮಂಚ ನಡೆಯಿತು. ಹಾಲಿನವನು, ಪೇಪರಿನವನು, ಮೀಟರು ನೋಡಲು ಬಂದವರು, ಯಾರು ಸಿಕ್ಕರೂ ಸರಿ, "ಸ್ವಲ್ಪ ಆ ಕಡೆ ಹಿಡೀರಿ ಸಾರ್" ಎನ್ನುತ್ತಿದ್ದರು. ಮಡಿಸುವ ಮಂಚ ಕೋಣೆಯಿಂದ ಹಜಾರಕ್ಕೆ ಬಂತು, ಹಜಾರದಿಂದ ವರಾಂಡಕ್ಕೆ ಬಂತು, ಒಂದು ಬೆಳಿಗ್ಗೆ ನೋಡಿದರೆ ಗೇಟು ದಾಟಿ ಫುಟ್‌ಪಾತಿನ ಹೊಂಗೆಮರದ ಕೆಳಗಿತ್ತು. ಪಾರ್ಕಿಗೆ ಹೋಗುವವರು ನಿಂತು ಮಾತಾಡಿಸುವರು. ಟ್ಯೂಷನ್ನಿಗೆ ಹೊರಟ ಬೀದಿಯ ಮಕ್ಕಳು ಮಂಚದ ಸುತ್ತ ಕೂತು ಹೊಂಗೆ ಎಲೆಯ ನರ ನೋಡುವರು. ಟ್ಯೂಷನ್ ಮೇಷ್ಟ್ರು ದೂರು ಹೇಳಲು ಬಂದು, ತಾವೂ ಅರ್ಧ ಗಂಟೆ ಕೂತು ಹೋದರು. ಇದೆಲ್ಲಕ್ಕಿಂತ ಹೆಚ್ಚಾಗಿ, ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬಾತ ಸ್ಕೂಟರು ನಿಲ್ಲಿಸಿ, ಅತ್ತೆಯ ಪ್ಲಾಸ್ಟರು ನೋಡಿ, "ನಾಟಿ ಕಟ್ಟು ಹಾಕೋದು ಇಲ್ಲೇನಾ ಅಮ್ಮ?" ಎಂದು ಅಪ್ಪನ ಎದುರಿಗೇ ಕೇಳಿದ. ಅಪ್ಪ ಅವತ್ತು ಊಟ ಬಿಟ್ಟರು.

ಪ್ಲಾಸ್ಟರು ಬಿಚ್ಚಿದ ಡಾಕ್ಟರು ಕೋಲು ಹಿಡಿದು ನಡೆಯಬಹುದು ಎಂದರು. ಮನೆಗೆ ಬಂದವರೇ ಅತ್ತೆ ಬ್ಯಾಗು ತುಂಬಲು ಶುರುಮಾಡಿದರು.

"ಎಲ್ಲಿಗೆ?" ಎಂದರು ಅಪ್ಪ.

"ಶಾಲೆಗೆ."

"ಇನ್ನು ಬರಲ್ಲ ಅಂತ ಫೋನ್ ಮಾಡಿ ಆಗ್ಲೇ ಹೇಳಿದೀನಿ."

"ಯಾರನ್ನ ಕೇಳಿ ಹೇಳ್ದೆ ಅಣ್ಣ?"

ಅಪ್ಪನಿಗೆ ಸಿಟ್ಟು ಬಂತೆಂದು ನಾನು ತಿಳಿದೆ. ಆದರೆ ಅವರು ಬ್ಯಾಗಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಬಿಡಲಿಲ್ಲ. "ಆ ಬಂಡೆಗಳ ಮಧ್ಯೆ ಎಲ್ಲೋ ಬಿದ್ರೆ ಯಾರಿಗೆ ಗೊತ್ತಾಗುತ್ತೆ? ಒಂದೊಂದು ಮಗೂಗೂ ಒಂದೊಂದು ಜೋಡಿ ಅಂತೀಯಲ್ಲ, ನಿನ್ನ ಹೆಸರು ಕೂಗೋಕೆ ಅಲ್ಲಿ ಯಾರಿದಾರೆ ಹೇಳು? ಯಾರಿದಾರೆ?"

ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದ ನಮ್ಮ ಅತ್ತೆ ಬ್ಯಾಗಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿಟ್ಟರು.

ಆಮೇಲೆ ಮನೆ ಶಾಂತವಾಯಿತು. ಮಂಚ ಕೋಣೆಯಲ್ಲೇ ಉಳಿಯಿತು. ಅತ್ತೆ ಒಳಗೆ ಕೂತೇ ಟೀವಿ ನೋಡಿದರು. ಅಪ್ಪ ನೆಮ್ಮದಿಯಿಂದ ಪೇಪರು ಓದಿದರು. ಬುಧವಾರ ಸಂಜೆ ಅಮ್ಮ ಅತ್ತೆಯ ಕೋಣೆಯಿಂದ ಹೊರಬಂದು, ಅಪ್ಪನ ಮುಂದೆ ಕಾಫಿ ಲೋಟ ಹಿಡಿದು ನಿಂತರು.

"ರೀ, ಇಲ್ಲಿ ನೋಡಿ."

"ಏನು? ಖಾಲಿ ಲೋಟ."

"ಹೌದು, ಖಾಲಿ. ಕೂತಲ್ಲೇ ಕುಡಿದು ಮುಗಿಸಿದಾರೆ."

ಅಪ್ಪ ಪೇಪರು ಕೆಳಗಿಟ್ಟರು. ಲೋಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನನಗೆ ಪಕ್ಕದ ಮನೆಯವರು ಯಾರಾದರೂ ಬಂದು "ನಿಮ್ಮನೆ ಲೋಟ" ಎಂದು ಹೇಳಬಾರದೇ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಅಪ್ಪ ಕೋಣೆಯಿಂದ ಹೊರಬಂದರೆ ನಾವೆಲ್ಲ ದಂಗಾದೆವು. ಇಸ್ತ್ರಿ ಪ್ಯಾಂಟಿನ ಕೆಳಗೆ ಹೊಚ್ಚ ಹೊಸ ಬಿಳಿ ಕ್ಯಾನ್ವಾಸು ಶೂ! ರಾತ್ರಿ ಊಟಕ್ಕೆ ಮುಂಚೆ ಎಲ್ಲಿಗೋ ಹೋಗಿ ಬಂದಿದ್ದು ಇದಕ್ಕೇ.

"ಹೊರಡು" ಎಂದರು ಅತ್ತೆಗೆ.

"ಎಲ್ಲಿಗೆ?"

"ಇವತ್ತು ಗುರುವಾರ ಅಲ್ವಾ" ಎಂದು ಕಾರಿನ ಕೀಲಿ ತೆಗೆದುಕೊಂಡರು. ನಾನೂ ಹಿಂದೆ ಹತ್ತಿ ಕೂತೆ. ಕನಕಪುರ ರಸ್ತೆ ಬಿಟ್ಟು ಮಣ್ಣುದಾರಿ ಹಿಡಿದ ಕಾರು ಕೆರೆಯ ಹತ್ತಿರ ಹೋಗಿ ನಿಂತಿತು.

ಮಕ್ಕಳು ಬುತ್ತಿ ಹಿಡಿದು ಕೆರೆ ಏರಿಯ ಮೇಲೆ ಹೊರಟು ನಿಂತಿದ್ದರು. ಕಾರಿನಿಂದ ಇಳಿದ ಅತ್ತೆಯನ್ನು ಕಂಡು "ಅಕ್ಕಾ!" ಎಂದು ಓಡಿ ಬಂದರು. ಆ ಶಾಲೆಯಲ್ಲಿ ಟೀಚರನ್ನು ಅಕ್ಕ ಎನ್ನುವುದೇ ವಾಡಿಕೆ. ಒಬ್ಬಳು ಕೋಲು ಮುಟ್ಟಿ ನೋಡಿದಳು, ಇನ್ನೊಬ್ಬ ಕಾಲು ಮುಟ್ಟಿ ನೋಡಿದ. ಗದ್ದಲವೆಲ್ಲ ಇಳಿದ ಮೇಲೆ ಅತ್ತೆ ಜೋಳಿಗೆಯಲ್ಲಿ ತಡಕಾಡಿ ವಿಷಲ್ ತೆಗೆದು ಊದಿದರು. ಮೊದಲು ಗಾಳಿ ಮಾತ್ರ ಬಂತು, ಆಮೇಲೆ ಸದ್ದು ಬಂತು.

"ಮಂಜ ಇದ್ದಾನೆ!" "ಸಲ್ಮಾ ಇದ್ದಾಳೆ!" "ಶಿವು ಇದ್ದಾನೆ!" ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೂಗು ಹೋಗಿ ಮುಟ್ಟಿತು. ಎಲ್ಲರೂ ಇದ್ದರು. ಅತ್ತೆ ಕೋಲೂರಿ ಮುಂದಕ್ಕೆ ಹೆಜ್ಜೆ ಇಟ್ಟರು.

ಆಗ ನನ್ನ ಪಕ್ಕದಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡರು. ಇಡೀ ಸರ್ವೀಸಿನಲ್ಲಿ ದನಿ ಎತ್ತದ ಮನುಷ್ಯ ಕೆರೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರುವಂತೆ ಕೂಗಿದರು.

"ನನ್ನ ತಂಗಿ ಇದ್ದಾಳೆ!"

ಮಕ್ಕಳು ತಿರುಗಿ ನೋಡಿದರು. ಅತ್ತೆ ನಿಂತರು, ತಿರುಗಲಿಲ್ಲ. ಅಪ್ಪ ಹೊಸ ಶೂ ಕೆಸರಾಗುವುದನ್ನೂ ನೋಡದೆ ಏರಿಯ ಮೇಲೆ ಹೋಗಿ ಅವರ ಪಕ್ಕದಲ್ಲಿ ನಿಂತು, "ಗುರುವಾರ ಗುರುವಾರ ಬರ್ತೀನಿ" ಎಂದರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಪ್ಪನ ತೋಳು ಹಿಡಿದುಕೊಂಡರು.

"ಮೆತ್ತಗೆ ಅಣ್ಣ, ಜನ ನೋಡ್ತಾರೆ."