ಸಾಹುಕಾರರ ಲಂಕೆಯ ಹಾವು

ಹಾವು ಕಂಡರೆ ಹೆದರುವವರು ಬೇಕಾದಷ್ಟು ಜನ ಇದ್ದಾರೆ. ಹಾವು ಇಲ್ಲವಲ್ಲ ಎಂದು ಹೆದರಿ ನಡುಗಿದವನು ಬಹುಶಃ ನಾನೊಬ್ಬನೇ. ಅದೂ ಜೀವಂತ ಹಾವಲ್ಲ. ಸತ್ತು ಗಾಜಿನ ಜಾಡಿಯೊಳಗೆ ಸುತ್ತಿಕೊಂಡು ಕೂತಿದ್ದ, ಬದುಕಿದ್ದಾಗಲೂ ಯಾರಿಗೂ ಕೇಡು ಮಾಡದ ಬಡಪಾಯಿ. ಆಗ ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು, ಅದೂ ಹಂಗಾಮಿ. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಬೇಸಿಗೆಯುದ್ದಕ್ಕೂ ಪೋಸ್ಟ್‌ಮ್ಯಾನನ ದಾರಿ ಕಾಯುವ ಜಾತಿ.

ಹಾವು ದಾನ ಕೊಟ್ಟವರು ನಮ್ಮ ಆಡಳಿತ ಮಂಡಳಿಯ ಸಾಹುಕಾರ್ ಚನ್ನಬಸಪ್ಪನವರು, ಜವಳಿ ವ್ಯಾಪಾರಿ. ರಾಮೇಶ್ವರ ಯಾತ್ರೆಗೆ ಹೋದವರು ಹಾಗೆಯೇ ಹಡಗು ಹತ್ತಿ ಲಂಕೆಯನ್ನೂ ನೋಡಿ ಬಂದಿದ್ದರು. ನಮ್ಮಲ್ಲಿ ದಾನವೆಂದ ಮೇಲೆ ಹೆಸರು ಬರೆಸಲೇಬೇಕು. ಜಾಡಿಯ ಮೇಲೆ ಅವರ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು ಕೆಂಪು ಬಣ್ಣದಲ್ಲಿದ್ದವು. ಮಿಕ್ಕ ಸಂದಿಯಲ್ಲಿ ಹಾವು ಕಾಣುತ್ತಿತ್ತು. ಕಪ್ಪು ಮೈ, ತಲೆಯಿಂದ ಬಾಲದವರೆಗೆ ಬಿಳಿ ಪಟ್ಟೆ. ನಾನು 'ಲಂಕೆಯ ಪಟ್ಟೆ ಹಾವು, ವಿಷವಿಲ್ಲ' ಎಂದು ಚೀಟಿ ಅಂಟಿಸಿದ್ದು ಅವರಿಗೆ ಹಿಡಿಸಲಿಲ್ಲ. "ಸಮುದ್ರ ದಾಟಿ ತಂದೀನಿ. ಕಚ್ಚಂಗಿಲ್ಲ ಅಂತ ಬರೆದ್ರೆ ಹೆಂಗ್ರಿ ಮೇಷ್ಟ್ರೆ?" ಎಂದರು. ಅಂದೇ ಚೀಟಿ ಗೋಡೆಯ ಕಡೆ ತಿರುಗಿತು. ನನಗೂ ಹೆಂಡತಿ ಇದ್ದಳು.

ಒಂದು ದಿನ ಸಾಹುಕಾರರಿಂದ ಹೇಳಿಕೆ ಬಂತು. ಅವರ ಮಗಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ನಾಳೆ ಬರುತ್ತಾರೆ, ಹಾಗೇ ಕಾಲೇಜಿಗೂ ಕರೆತಂದು ಹಾವು ತೋರಿಸುತ್ತಾರಂತೆ. ಜಾಡಿ ತೊಳೆದು ಫಳಫಳ ಮಾಡೋಣವೆಂದು ನನಗೆ ಯಾಕೆ ಬುದ್ಧಿ ಬಂತೋ. ಹಾವನ್ನು ಕಾಂಪೌಂಡ್ ಗೋಡೆಯ ಮೇಲೆ ಮಲಗಿಸಿ ಜಾಡಿ ಉಜ್ಜುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹದ್ದೊಂದು ಅದನ್ನು ಎತ್ತಿಕೊಂಡು ಊರಂಚಿನ ಆನೆಕೊಂಡದ ದಿಕ್ಕಿಗೆ ಹೊರಟೇಹೋಯಿತು. ಅಷ್ಟು ವರ್ಷ ಫಾರ್ಮಲಿನ್ ಕುಡಿದ ಹಾವು ತಿಂದ ಹದ್ದಿನ ಗತಿ ಏನಾಯಿತೋ ಎಂದು ಈಗ ಮರುಕವಾಗುತ್ತದೆ. ಆಗ ನನ್ನ ಗತಿಯೊಂದೇ ಕಣ್ಣ ಮುಂದೆ ಇತ್ತು.

ಮನೆಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡೆ. ಕೆಲಸ ಹೋಯಿತೆಂದು ಹೆಂಡತಿ ಗಿರಿಜಳಿಗೆ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ಹಾವು ಎಷ್ಟು ಉದ್ದ, ಎಷ್ಟು ದಪ್ಪ ಎಂದಷ್ಟೇ ವಿಚಾರಿಸಿದಳು. ಟ್ರಂಕಿನಲ್ಲಿ ನನ್ನ ಪಟಾಪಟಿ ಚಡ್ಡಿ ಹೊಲಿಸಿ ಉಳಿದ ಬಟ್ಟೆ ಇತ್ತು. ಕಡುನೀಲಿಯ ಮೇಲೆ ಬಿಳಿ ಪಟ್ಟೆ. ಅದನ್ನು ಕೊಳವೆಯಂತೆ ಹೊಲಿದು, ತೇಲದಿರಲಿ ಎಂದು ಪಾತ್ರೆ ತಿಕ್ಕುವ ಮರಳು ತುಂಬಿ, ಕಣ್ಣಿಗೆ ಎರಡು ಮಣಿ ಕೂರಿಸಿದಳು. ನಾನು ಸುತ್ತಮುತ್ತ ಓಡಾಡುತ್ತ ಬಾಲದ ಬಗ್ಗೆ ಶಾಸ್ತ್ರೀಯ ಸಲಹೆ ಕೊಡುತ್ತಿದ್ದೆ.

ಮರುದಿನ ಅದನ್ನು ನೀರು ತುಂಬಿದ ಜಾಡಿಗೆ ಇಳಿಸಿದೆ. ಬೀಗರಾಗುವವರು ಬಂದು ನಿಲ್ಲುವ ಹೊತ್ತಿಗೆ ಬಟ್ಟೆ ಬಣ್ಣ ಬಿಡತೊಡಗಿತ್ತು. ಸಾಹುಕಾರರು ಬಗ್ಗಿ ನೋಡಿದರು. ಹುಟ್ಟಿದಾಗಿನಿಂದ ಬಟ್ಟೆ ನೋಡಿದ ಕಣ್ಣು ಅದು; ಒಮ್ಮೆ ಹಾವನ್ನು, ಒಮ್ಮೆ ನನ್ನನ್ನು ನೋಡಿತು. ಅಷ್ಟರಲ್ಲಿ ಗಂಡಿನ ತಂದೆ, ನೀರು ಯಾಕೆ ನೀಲಿಯಾಗಿದೆ ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿದೆ.

"ಭಾಳ ವಿಷದ್ದು ನೋಡ್ರಿ," ಎಂದರು ಸಾಹುಕಾರರು. "ಸತ್ತು ಇಷ್ಟು ವರ್ಷ ಆದ್ರೂ ಇನ್ನೂ ಬಿಡ್ತಾ ಐತೆ."

ಹರಿಹರದವರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ಎಲ್ಲರೂ ಹೊರಗೆ ಹೋದ ಮೇಲೆ ಸಾಹುಕಾರರು ನನ್ನ ಪಕ್ಕ ನಿಂತು ದನಿ ತಗ್ಗಿಸಿದರು. "ನಮ್ಮ ಅಂಗಡಿ ಆ ಬಟ್ಟೆ ಥಾನು ಬಣ್ಣ ಬಿಡತೈತೆ ಅಂತ ಯಾರ ಮುಂದೂ ಹೇಳಬ್ಯಾಡ್ರಿ. ಇನ್ನೂ ಭಾಳ ಮಾಲು ಉಳಿದೈತೆ."

ಜೂನ್‌ನಲ್ಲಿ ನನ್ನ ಕೆಲಸ ಖಾಯಂ ಆಯಿತು. ಯಾರ ಕೆಲಸ ನೋಡಿ ಖಾಯಂ ಮಾಡಿದರು ಎಂದು ಗಿರಿಜ ಒಮ್ಮೆ ಕೇಳಿದಳು. ನಾನು ಪೇಪರ್ ಓದುತ್ತಿದ್ದೆ. ಆಮೇಲೆ ಎಷ್ಟೋ ವರ್ಷ ವಿದ್ಯಾರ್ಥಿಗಳು ಆ ಜಾಡಿ ನೋಡಿಯೇ ಹಾವಿನ ಚಿತ್ರ ಬರೆದರು. ಒಬ್ಬ ಹುಡುಗಿ ಮಾತ್ರ ಹೊಟ್ಟೆಯ ಕೆಳಗಿನ ಹೊಲಿಗೆಯನ್ನೂ ಬಿಡದೆ ಬರೆದಿದ್ದಳು. ಅಷ್ಟು ಜನರಲ್ಲಿ ಸರಿಯಾಗಿ ನೋಡಿದವಳು ಅವಳೊಬ್ಬಳೇ. ಅವಳಿಗೆ ಎರಡು ಅಂಕ ಕಳೆದೆ.