ಟ್ಯಾಂಕ್ ಒಡೆಯುವವನ ಕಿವಿ

ಯುದ್ಧದ ಸಿನಿಮಾ ಹಾಕಿದ ಕೂಡಲೇ ಗಂಡ ಹೆಂಡತಿ ಮಧ್ಯೆ ಯುದ್ಧ ಶುರುವಾದದ್ದು ನಿಮ್ಮ ಮನೆಯಲ್ಲಿ ಉಂಟಾ? ಹೊಸಂಗಡಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಅದು ಪ್ರತಿ ಭಾನುವಾರದ ಕಾರ್ಯಕ್ರಮ ಆಗಿತ್ತು. ಮಾವ ಮಿಲಿಟ್ರಿಯವರು. ಅವರ ಕೆಲಸ ಆರ್‌ಸಿಎಲ್ ಗನ್ನಿನಲ್ಲಿ. ಹಾಗಂದರೆ ಟ್ಯಾಂಕ್ ಒಡೆಯಲಿಕ್ಕೆ ಜೀಪಿನ ಮೇಲೆ ಕೂರಿಸಿದ ಒಂದು ಉದ್ದದ ಕೊಳವೆ. ಈಗ ಅಂಥದ್ದಕ್ಕೆ ಪೈಂಟ್ ಹೊಡೆದು ಮ್ಯೂಸಿಯಮ್ಮಿನ ಎದುರು ನಿಲ್ಲಿಸ್ತಾರೆ, ಮಕ್ಕಳು ಹತ್ತಿ ಫೋಟೊ ತೆಗೀತಾರೆ. ಮುಂದಿನಿಂದ ಶೆಲ್ ಹೋಗುವಾಗ ಹಿಂದಿನಿಂದ ಬೆಂಕಿ ಬರುವ ಸಾಮಾನು ಅದು. ಆಗ ಕಿವಿಗೆ ಹತ್ತಿ ತುರುಕಿಕೊಂಡು ಹೊಡೆಯುತ್ತಿದ್ದರಂತೆ. ಮಾವ ಪೆನ್ಶನ್ ತಕೊಂಡು ಊರಿಗೆ ಬಂದರು, ಕಿವಿ ಅಲ್ಲೇ ಉಳಿಯಿತು.

ಹಾಗಾಗಿ ಸಿನಿಮಾದಲ್ಲಿ ಹೀರೋ ಹೆಗಲ ಮೇಲೆ ರಾಕೆಟ್ ಇಟ್ಟುಕೊಂಡು ಸಣ್ಣ ಕೋಣೆಯ ಕಿಟಕಿಯಿಂದ ಟ್ಯಾಂಕಿಗೆ ಹೊಡೆದರೆ ಮಾವನಿಗೆ ತಡೆಯುವುದಿಲ್ಲ. ಹಿಂದಿನ ಪರದೆ ಸಹ ಅಲ್ಲಾಡಲಿಲ್ಲ ನೋಡು, ಅಸಲಿಗೆ ಆಗಿದ್ದರೆ ಈ ಕೋಣೆಯಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ ಅಂತ ಸುರು ಮಾಡುವುದು. ನಾನು ಸಿನಿಮಾ ನೋಡುವುದಾ, ಕ್ಲಾಸು ಕೇಳುವುದಾ? ಆದರೆ ಮಾಮಿಗೆ ಆ ಸಿನಿಮಾಗಳೇ ಸಾಕ್ಷಿ. ಗನ್ನಿನಿಂದ ಕಿವಿ ಹೋಯಿತು ಎಂಬುದನ್ನು ಅವರು ನಂಬಿದವರೇ ಅಲ್ಲ. "ಟ್ಯಾಂಕ್ ಒಡೆದ ಮೇಲೂ ಆ ಹೀರೋನಿಗೆ ಹುಡುಗಿ ಪಿಸುಪಿಸು ಅಂದದ್ದು ಕೇಳ್ತದೆ. ನಿಮಗೆ ಮಾತ್ರ ಗ್ಯಾಸ್ ಬಂದ್ ಮಾಡಿ ಅಂದದ್ದು ಕೇಳುವುದಿಲ್ಲ." ಇದನ್ನು ಸಹ ಮಾವನಿಗೆ ನಾನೇ ಕಿವಿಯ ಹತ್ತಿರ ಹೋಗಿ ಕಿರುಚಿ ಹೇಳಬೇಕು. ಮಾವ ನಕ್ಕು, ಕಿವಿಯೊಳಗೆ ಒಂದು ಜೀರುಂಡೆ ಕೂತುಬಿಟ್ಟಿದೆ, ಅದು ಬಾಯಿ ಮುಚ್ಚಿದರೆ ಕೇಳಿಯೇನು ಅಂತಿದ್ದರು. ಮಾಮಿ ಅದನ್ನು ನೆಪದ ಪಟ್ಟಿಗೆ ಸೇರಿಸಿದರು. ಮಂಗಳೂರಿನಿಂದ ತಂದ ಕಿವಿಯ ಮಿಷನ್ನಿನಲ್ಲಿ ಫ್ಯಾನು, ಮಿಕ್ಸಿ, ಹೈವೇಯ ಲಾರಿ ಎಲ್ಲ ಕೇಳಿತು, ಮಾತು ಮಾತ್ರ ಕೇಳಲಿಲ್ಲ. ಕಡೆಗೆ ಮಾಮಿ ಮಾತಾಡುವುದನ್ನೇ ಬಿಟ್ಟರು. ಊಟಕ್ಕೆ ಕರೆಯುವುದಾದರೆ ತಟ್ಟೆ ಕುಟ್ಟುವುದು. ಬೇರೆ ಎಂತ ಇದ್ದರೂ ನನ್ನ ಮೂಲಕ.

ನಾನು ಅಲ್ಲಿಗೆ ಹೋಗುವುದು ಸೇವೆ ಮಾಡಲಿಕ್ಕಲ್ಲ, ಸುಳ್ಳು ಯಾಕೆ ಹೇಳುವುದು. ತಲೆಕೂದಲು ಬಿಳಿಯಾದರೂ ನನಗೆ ವಿಡಿಯೋ ಗೇಮಿನ ಹುಚ್ಚು. ಹಳೇ ಮಹಾಯುದ್ಧದ ಗೇಮು. ಟ್ಯಾಂಕ್ ಬರ್ತದೆ, ನಾನು ಬಝೂಕ ಅಂತ ಹೆಗಲ ಮೇಲಿನ ರಾಕೆಟ್ ಕೊಳವೆ ಹಿಡಿದು ಗೋಡೆಯ ಮರೆಯಲ್ಲಿ ಕೂರುವುದು. ಮನೆಯಲ್ಲಿ ಆಡಿದರೆ ಹೆಂಡತಿ, ಮೊದಲು ತೆಂಗಿನಕಾಯಿ ಒಡೆದುಕೊಡಿ, ಮತ್ತೆ ಟ್ಯಾಂಕ್ ಒಡೆಯಿರಿ ಅಂತಾಳೆ. ಹಾಗಾಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಮಾವನ ಮನೆಯ ಸಿಟೌಟ್ ಜಗಲಿಗೆ ಹೋಗುವುದು. ಕಿವಿ ಕೇಳದವರ ಮನೆ, ಆರಾಮ.

ಕಳೆದ ವರ್ಷ ಮಾಮಿಗೆ ಮಂಗಳೂರಿನಲ್ಲಿ ಹಾರ್ಟಿನ ಆಪರೇಶನ್ ಅಂತ ಆಯಿತು. ಅದಕ್ಕೆ ಹೋಗುವ ಮೊದಲಿನ ಭಾನುವಾರ ನಾನು ಆಡುತ್ತಿದ್ದೆ. ಮಾಮಿ ಬಂದು, ಅದರಲ್ಲಿ ಇವರ ಗನ್ನು ಉಂಟಾ ಅಂತ ಕೇಳಿದರು. ಅದಿಲ್ಲ, ಅದರ ಅಜ್ಜ ಉಂಟು ಅಂತ ಹೇಳಿ ಹೆಡ್‌ಫೋನನ್ನು ಅವರ ತಲೆಗೆ ಇಟ್ಟು ಒಂದು ಹೊಡೆದೆ. ಆ ಗೇಮಿನಲ್ಲಿ ಹತ್ತಿರದಲ್ಲಿ ಸಿಡಿದರೆ ಎಲ್ಲ ಶಬ್ದ ನಿಂತು, ಕಿವಿಯಲ್ಲಿ ಕುಂಯ್ ಅಂತ ಒಂದೇ ಸ್ವರ ಬರ್ತದೆ. ಮಾಮಿ ಗಾಬರಿಯಲ್ಲಿ ಎರಡೂ ಕೈಯಿಂದ ಹೆಡ್‌ಫೋನ್ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಅದು ತನ್ನಷ್ಟಕ್ಕೆ ನಿಂತಿತು. ಅವರು ಹೆಡ್‌ಫೋನ್ ತೆಗೆದು ಮೆಲ್ಲಗೆ ಕೇಳಿದರು, "ಇವರದ್ದು ಯಾವಾಗ ನಿಲ್ತದೆ?"

ಅದು ನಿಲ್ಲುವುದಲ್ಲ ಮಾಮಿ ಅಂದೆ.

ಅಂಗಳದ ತುದಿಯಲ್ಲಿ ಮಾವ ಪೇಪರ್ ಓದುತ್ತಿದ್ದರು. ಮಾಮಿ ಒಂದು ಕುರ್ಚಿ ಎಳೆದುಕೊಂಡು ಹೋಗಿ ಅವರ ಪಕ್ಕ ಕೂತರು, ಕೈ ಹಿಡಿದುಕೊಂಡರು, ಮಾತಾಡಲಿಕ್ಕೆ ಸುರು ಮಾಡಿದರು. ಕಿರುಚಲಿಲ್ಲ. ರೋಡಿನವರಿಗೆಲ್ಲ ಕೇಳುವ ಹಾಗೆ ಹೇಳುವ ಮಾತಲ್ಲ ಇರಬೇಕು ಅದು. ತುಂಬಾ ಹೊತ್ತು ಮಾತಾಡಿದರು, ನಡುವೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಾವ ಪೇಪರ್ ಮಡಚಿಟ್ಟು ಅವರ ಮುಖವನ್ನೇ ನೋಡುತ್ತಾ ತಲೆ ಆಡಿಸಿದರು.

ಆಪರೇಶನ್ನಿಗೆ ಹೋದ ಮಾಮಿ ತಿರುಗಿ ಬರಲಿಲ್ಲ.

ಹದಿಮೂರನೇ ದಿನದ ಕ್ರಿಯೆ ಕಳೆದು ನೆಂಟರೆಲ್ಲ ಹೋದ ಮೇಲೆ ಮಾವ ನನ್ನನ್ನು ಹತ್ತಿರ ಕೂರಿಸಿಕೊಂಡರು. "ಅವಳು ಆ ದಿನ ಎಂತ ಹೇಳಿದ್ದು ಮಾರಾಯ? ನೀನು ಅಲ್ಲಿಯೇ ಇದ್ದಿಯಲ್ಲ." ತಲೆ ಆಡಿಸಿದ್ರಲ್ಲ ನೀವು ಅಂತ ಕೂಗಿದೆ. ಅಷ್ಟು ಮನಸ್ಸು ಬಿಚ್ಚಿ ಮಾತಾಡುವವಳ ಹತ್ತಿರ ಕೇಳಲಿಲ್ಲ ಅಂತ ಹೇಗೆ ಹೇಳುವುದು ಅಂದರು.

ಹೌದು, ನಾನು ಅಲ್ಲಿಯೇ ಇದ್ದೆ. ಹೆಡ್‌ಫೋನ್ ಪುನಃ ತಲೆಗೆ ಏರಿಸಿಕೊಂಡು ಟ್ಯಾಂಕ್ ಒಡೆಯುತ್ತಿದ್ದೆ. ಕೇಳಿಸಿಕೊಳ್ಳಲಿಕ್ಕೆ ಒಳ್ಳೇ ಕಿವಿ ಇದ್ದವನು ಅಲ್ಲಿ ನಾನೊಬ್ಬನೇ, ನನಗೂ ಒಂದಕ್ಷರ ಕೇಳಲಿಲ್ಲ.

ಮಾವ ಈಗಲೂ ಕೇಳ್ತಾರೆ. ನೆನಪು ಮಾಡಿಕೊಂಡು ಹೇಳ್ತೇನೆ ಅಂತ ತಪ್ಪಿಸಿಕೊಳ್ತಿದ್ದೇನೆ. ಕಿವಿ ಕೇಳದ ಗಂಡನ ಹತ್ತಿರ ಕೂತು ಮಾತಾಡಿದ ಹೆಂಗಸರು ನಿಮ್ಮಲ್ಲಿ ಯಾರಾದರೂ ಇದ್ದರೆ, ನೀವು ಎಂತ ಹೇಳಿದ್ದು ಅಂತ ಕೆಳಗೆ ಬರೆಯಿರಿ. ನಾಚಿಕೆ ಆಗುವುದಾದರೆ ಇನ್‌ಬಾಕ್ಸಿಗೆ ಹಾಕಿ. ಭಾನುವಾರ ಮಾವನ ಕಿವಿಯಲ್ಲಿ ಕಿರುಚಲಿಕ್ಕೆ ನನಗೆ ಎಂತಾದರೂ ಬೇಕು.